ಒಳ್ಳೆಯ ಕಾಗದ

ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಮನೆಯಲ್ಲಿ ಎಲ್ಲವನ್ನೂ ಬಿಸಿಲಿಗೆ ಹಾಕುವ ಗಡಿಬಿಡಿ. ಚಾಪೆ, ತಲೆದಿಂಬು, ಮೆಣಸು, ಚಪ್ಪಲಿ. ನಾನೂ ಮಂಚದ ಕೆಳಗಿಂದ ದೊಡ್ಡ ರಟ್ಟಿನ ಫೋಲ್ಡರ್ ಎಳೆದೆ. ಅದರೊಳಗೆ ಜಲವರ್ಣಕ್ಕೆಂದು ತಂದಿಟ್ಟ 18 ಹಾಳೆಗಳಿದ್ದವು. ಪೂರ್ತಿ ಹತ್ತಿಯ ಕಾಗದ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ. ಒಂದೊಂದೂ 22 ಇಂಚು ಅಗಲ, 30 ಇಂಚು ಉದ್ದ. 9 ವರ್ಷದ ಹಿಂದೆ ಬೆಂಗಳೂರಿಗೆ ಹೋದಾಗ ಕೊಂಡದ್ದು. ಆಗಿನ ನನ್ನ ಸಂಬಳಕ್ಕೆ ಅದು ದೊಡ್ಡ ಖರ್ಚು. ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಶಿರಾಡಿ ಘಾಟಿಯ ತಿರುವುಗಳಲ್ಲಿ ಎರಡೂ ಕೈಯಿಂದ ಅವುಚಿಕೊಂಡು ಮಂಗಳೂರಿಗೆ ತಂದಿದ್ದೆ.

ಆ 9 ವರ್ಷದಲ್ಲಿ ಆ ಕಾಗದದ ಮೇಲೆ ನಾನು ಒಂದು ಗೆರೆ ಕೂಡ ಎಳೆದಿರಲಿಲ್ಲ.

ಕಾರಣ ಬಹಳ ಸರಳ. ಅದು ಒಳ್ಳೆಯ ಕಾಗದ. ಒಳ್ಳೆಯ ಚಿತ್ರ ಮಾಡುವಾಗ ಬಳಸಬೇಕು ಅಂತ ಇಟ್ಟಿದ್ದೆ. ಅಲ್ಲಿಯವರೆಗೆ ಕೈ ಪಳಗಲಿ ಎಂದು ಸಾದಾ ಡ್ರಾಯಿಂಗ್ ಶೀಟಿನ ಮೇಲೆ ಮಾಡುತ್ತಿದ್ದೆ. ಸಾದಾ ಶೀಟು ಹೆಚ್ಚು ನೀರು ತಡೆಯುವುದಿಲ್ಲ. ಸುಕ್ಕಾಗುತ್ತದೆ, ಬಣ್ಣ ಕೆಸರಾಗುತ್ತದೆ. ಚಿತ್ರ ಕೆಟ್ಟರೆ, ನೋಡು, ನನಗಿನ್ನೂ ಒಳ್ಳೆಯ ಕಾಗದ ಮುಟ್ಟುವ ಯೋಗ್ಯತೆ ಬಂದಿಲ್ಲ ಎಂದುಕೊಳ್ಳುತ್ತಿದ್ದೆ. ಹೀಗೆ ಒಂಬತ್ತು ಮಳೆಗಾಲ ಕಳೆದವು.

ಅಂದು ಬಿಸಿಲು ಕಂಡು ಎಲ್ಲಿಂದಲೋ ಧೈರ್ಯ ಬಂತು. ಒಂದು ಹಾಳೆಯನ್ನು ಹಲಗೆಗೆ ಅಂಟಿಸಿದೆ. ಅಗಲದ ಬ್ರಶ್ಶಿನಿಂದ ನೀರು ಹಚ್ಚಿ, ತೆಳ್ಳಗೆ ನೀಲಿ ಬಿಟ್ಟೆ. ಒಳ್ಳೆಯ ಕಾಗದದ ಮೇಲೆ ಬಣ್ಣ ನಿಧಾನವಾಗಿ ಹರಡಬೇಕು, ಮೇಲೇ ನಿಂತು ಹೊಳೆಯಬೇಕು. ಹಾಗೆ ಆಗಲಿಲ್ಲ. ನೀಲಿ ಮುಳುಗಿತು. ಅಲ್ಲಲ್ಲಿ ಕಪ್ಪು ಚುಕ್ಕೆಗಳು ಎದ್ದವು, ಸೊಳ್ಳೆ ಕಚ್ಚಿದ ಮೈಯ ಹಾಗೆ. ಇನ್ನೊಂದು ಹಾಳೆ ತೆಗೆದೆ. ಅದೂ ಹಾಗೆಯೇ. ಮೂರನೆಯದೂ.

ಇದಕ್ಕೆ ಏನು ಕಾರಣ ಎಂದು ಆಮೇಲೆ ತಿಳಿದುಕೊಂಡೆ. ಜಲವರ್ಣದ ಕಾಗದಕ್ಕೆ ಜೆಲಟಿನ್‌ನಂಥ ಒಂದು ಅಂಟು ಕುಡಿಸಿರುತ್ತಾರೆ. ಸೈಜಿಂಗ್ ಅಂತ ಹೆಸರು. ನೀರು ತಕ್ಷಣ ಒಳಗೆ ಇಳಿಯದಂತೆ ಅದು ತಡೆಯುತ್ತದೆ. ನಮ್ಮ ಊರಿನ ಥಂಡಿಗೆ, ಕಣ್ಣಿಗೆ ಕಾಣದ ಬೂಸಿಗೆ, ಆ ಅಂಟು ಮೆಲ್ಲಗೆ ಸತ್ತುಹೋಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜೂನ್, ಜುಲೈಯಲ್ಲಿ ಗೋಡೆಯೇ ಬೆವರುತ್ತದೆ. ನುಸಿಗುಳಿಗೆ ಹಾಕಿ ಮುಚ್ಚಿಟ್ಟರೆ ನುಸಿ ಬರಲಿಕ್ಕಿಲ್ಲ, ಥಂಡಿ ಬಾರದೇ ಇರುತ್ತದೆಯೇ? ಅಂಟು ಹೋದ ಜಾಗದಲ್ಲಿ ಕಾಗದ ಒಂದೇ ಗುಟುಕಿಗೆ ಬಣ್ಣ ಕುಡಿಯುತ್ತದೆ. ಆ ಚುಕ್ಕೆಗಳು ಅವೇ.

ಜಗಲಿಯಲ್ಲಿ ಆ ಮೂರು ಹಾಳೆಗಳ ಮುಂದೆ ತುಂಬ ಹೊತ್ತು ಕುಳಿತಿದ್ದೆ. ಅಳು ಬಂತು. ಕಾಗದಕ್ಕಾಗಿ ಮಾತ್ರ ಅಲ್ಲ. ಕೆಡಿಸಬಾರದು ಅಂತ ಇಟ್ಟದ್ದು ಇಟ್ಟಲ್ಲೇ ಕೆಟ್ಟಿತ್ತು. ಇದು ಕಾಗದವೊಂದರ ಕಥೆ ಅಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ನಾನು ಹಂಪನಕಟ್ಟೆಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಚಿತ್ರ ಬಿಡಿಸುವುದು ಬೆಳಿಗ್ಗೆ ಬೇಗ ಎದ್ದು, ಇಲ್ಲ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ. ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಬಿಡುವ ಹಾಗಿಲ್ಲ. ಎರಡೂ ಕಡೆ ಸರಿಯಾಗಿ ತಾಳೆ ಆಗುವವರೆಗೆ ಎದ್ದು ಹೋಗುವ ಹಾಗಿಲ್ಲ. ಆ ಅಭ್ಯಾಸವನ್ನೇ ನಾನು ಚಿತ್ರಕ್ಕೂ ತಂದಿದ್ದೆ. ಆದರೆ ಚಿತ್ರಕ್ಕೆ ತಾಳೆ ಅನ್ನುವುದು ಇಲ್ಲ. ಯಾವ ಮೊತ್ತಕ್ಕೆ ಸರಿಹೊಂದಬೇಕು? ಕೊನೆಯ ಸಾಲು ಎಲ್ಲಿದೆ? ಅದು ಇಲ್ಲದ ಕಡೆ ತಪ್ಪು ಹುಡುಕಲು ಕುಳಿತರೆ ಹುಡುಕುತ್ತಲೇ ಇರಬಹುದು. ನಾನು ಹುಡುಕುತ್ತಲೇ ಇದ್ದೆ.

ಇದರ ಬೇರು ಇನ್ನೂ ಹಿಂದೆ ಇದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್‌ನ ಲೋವರ್, ಹೈಯರ್ ಪರೀಕ್ಷೆ ಕಟ್ಟಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಒಂದು ಬಕೆಟ್, ಒಂದು ಚೊಂಬು, ಎರಡು ಈರುಳ್ಳಿ. ನೆರಳು ಒಂದೇ ಕಡೆಗೆ ಬೀಳಬೇಕು. ರಬ್ಬರಿನ ಗುರುತು ಕಾಣಬಾರದು. ನಮಗೆ ಕಲಿಸುತ್ತಿದ್ದವರ ಬಾಯಲ್ಲಿ ಒಂದೇ ಶಬ್ದ: ನೀಟ್. "ನೀಟಾಗಿ ಬರಲಿ." "ಇದು ನೀಟಿಲ್ಲ, ಇನ್ನೊಂದು ಮಾಡು." ಒಂದು ಸಲ ನನ್ನ ಹಾಳೆಯನ್ನು ಇಡೀ ತರಗತಿಗೆ ಎತ್ತಿ ತೋರಿಸಿ, ಬಣ್ಣ ಗೆರೆ ದಾಟಿದ ಜಾಗಕ್ಕೆ ಬೆರಳಿಟ್ಟರು. ಬೈಯಲಿಲ್ಲ. ಬೆರಳಿಟ್ಟರು, ಅಷ್ಟೇ. ಆ ಬೆರಳು ಆಮೇಲೆ ಎಲ್ಲೂ ಹೋಗಲಿಲ್ಲ. ನಾನು ಬ್ರಶ್ ಹಿಡಿದಾಗಲೆಲ್ಲ ಹಾಳೆಯ ಮೇಲೆಯೇ ಇರುತ್ತಿತ್ತು.

ಪಾಲ್ ಹ್ಯುವಿಟ್ ಮತ್ತು ಗೋರ್ಡನ್ ಫ್ಲೆಟ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಈ ಹಟವನ್ನು ಮೂರು ಬಗೆಯಾಗಿ ನೋಡಿದರು. ನಮ್ಮಿಂದ ನಾವೇ ಬಯಸುವ ಪರ್ಫೆಕ್ಷನ್ ಒಂದು. ಬೇರೆಯವರಿಂದ ನಾವು ಬಯಸುವುದು ಇನ್ನೊಂದು. ಬೇರೆಯವರು ನಮ್ಮಿಂದ ಬಯಸುತ್ತಿದ್ದಾರೆ ಎಂದು ನಾವು ನಂಬಿಕೊಂಡಿರುವುದು ಮೂರನೆಯದು. ಓದಿದಾಗ ಮೂರನೆಯದರ ಹತ್ತಿರ ನಿಂತುಬಿಟ್ಟೆ. ನನ್ನ ಚಿತ್ರ ಯಾರೂ ಕಾಯುತ್ತಿರಲಿಲ್ಲ. ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಆದರೂ ನಾನು ದಿನವೂ ಆ ತರಗತಿಯಲ್ಲಿ ಎದ್ದು ನಿಂತಿದ್ದೆ.

ಯಾರೂ ಕಾಯುತ್ತಿರಲಿಲ್ಲ ಎಂದೆ. ಅದು ಸುಳ್ಳು. ಒಬ್ಬರು ಕಾಯುತ್ತಿದ್ದರು.

ನಮ್ಮ ದೊಡ್ಡಮ್ಮನ ಮನೆ ಕೊಡಿಯಾಲ್‌ಬೈಲಿನಲ್ಲಿತ್ತು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಉದ್ದದ ಜಗಲಿ, ಅಂಗಳದ ಮೂಲೆಯಲ್ಲಿ ಬಾವಿ, ಬಾವಿಯ ಮೇಲೆ ಬಗ್ಗಿದ ಒಂದು ಹಲಸಿನ ಮರ. ರಜೆಯಲ್ಲಿ ನಾವೆಲ್ಲ ಮಕ್ಕಳು ಅಲ್ಲಿಯೇ ಬೆಳೆದದ್ದು. ಆರು ವರ್ಷದ ಹಿಂದೆ ಅದನ್ನು ಕೆಡವಿ ಫ್ಲ್ಯಾಟ್ ಕಟ್ಟುವುದೆಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದರು. ದೊಡ್ಡಮ್ಮ ಏನೂ ಹೇಳಲಿಲ್ಲ. ನನ್ನನ್ನು ಮಾತ್ರ ಕರೆದು, "ಮಗಾ, ಈ ಮನೆಯ ಒಂದು ಚಿತ್ರ ಮಾಡಿ ಕೊಡ್ತೀಯಾ? ಫೋಟೋ ಬೇಡ. ಫೋಟೋ ಉಂಟು. ನೀನು ಬಿಡಿಸಿದ್ದು ಬೇಕು" ಎಂದರು.

ನಾನು ಮೂರು ಶನಿವಾರ ಹೋಗಿ ಅಂಗಳದಲ್ಲಿ ಕುಳಿತೆ. ಮೊದಲ ಶನಿವಾರ ಅಳತೆ ತೆಗೆದೆ. ಎರಡನೆಯ ಶನಿವಾರ ಮಾಡು ಕೋನ ತಪ್ಪಿದೆ ಎಂದು ಎಲ್ಲ ಅಳಿಸಿದೆ. ಮೂರನೆಯ ಶನಿವಾರ ಹಂಚುಗಳಿಗೆ ಕೈ ಹಾಕಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ಬಣ್ಣವೇ ಬದಲಾಯಿತು ಅನ್ನಬಹುದು. ಮೇಲಿಂದ ನೋಡಿದರೆ ಊರಿಡೀ ಒಂದೇ ಕೆಂಪು. ಹತ್ತಿರ ಹೋದರೆ ಒಂದು ಹಂಚಿನ ಕೆಂಪು ಇನ್ನೊಂದಕ್ಕಿಲ್ಲ. ಒಂದು ಇಟ್ಟಿಗೆ ಬಣ್ಣ, ಒಂದು ಹಳೆ ತಾಮ್ರ, ಪಾಚಿ ಹಿಡಿದದ್ದು ಕಪ್ಪು, ಹೊಸದಾಗಿ ಬದಲಾಯಿಸಿದ್ದು ಕಿತ್ತಳೆ. ನಾನು ಒಂದೊಂದು ಹಂಚನ್ನೂ ಅದರದ್ದೇ ಬಣ್ಣದಲ್ಲಿ ಬಿಡಿಸುತ್ತೇನೆಂದು ಹೊರಟೆ. ಸಂಜೆಯವರೆಗೆ ಎರಡು ಸಾಲು ಮುಗಿದಿತ್ತು. ಬಾಕಿ ಬರುವ ವಾರ ಎಂದು ಎದ್ದೆ.

ಬರುವ ವಾರ ಮಳೆ. ಅದರ ಮುಂದಿನ ವಾರ ಆಡಿಟ್. ಆಮೇಲೆ ಮನೆಗೆ ತಂದು ಫೋಟೋ ನೋಡಿ ಮುಗಿಸುತ್ತೇನೆಂದೆ. ಹೊಸ ಹಾಳೆ ತೆಗೆದುಕೊಂಡೆ. ಹೀಗೆ ನಾಲ್ಕು ಸಲ ಶುರು ಮಾಡಿದೆ. ಒಳ್ಳೆಯ ಕಾಗದದಲ್ಲಿ ಮಾಡಬೇಕು ಅಂತಲೂ ಅಂದುಕೊಂಡೆ. ಮನೆ ಹೋಯಿತು. ಜೆಸಿಬಿ ಬಂದ ದಿನ ನಾನು ಅಲ್ಲಿಗೆ ಹೋಗಲಿಲ್ಲ.

ಫ್ಲ್ಯಾಟು ಎದ್ದ ಮೇಲೆ ದೊಡ್ಡಮ್ಮ ಮೂರನೇ ಮಹಡಿಗೆ ಬಂದರು. ಹಾಲಿನ ಗೋಡೆಯಲ್ಲಿ ಒಂದು ಮೊಳೆ ಹೊಡೆಸಿದ್ದರು. ಅದಕ್ಕೆ ಏನೂ ತೂಗು ಹಾಕಿರಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ವರ್ಷದ ನಂತರ ಹೋದಾಗ ಅಲ್ಲಿ ಸೊಸೈಟಿಯ ಕ್ಯಾಲೆಂಡರ್ ಇತ್ತು. ಅದನ್ನು ನೋಡಿದ ದಿನ ನನಗೆ ಅನ್ನ ಸೇರಲಿಲ್ಲ.

ಇಷ್ಟೆಲ್ಲ ಆದರೂ ನಾನು ಬದಲಾಗಲಿಲ್ಲ ಎನ್ನುವುದನ್ನು ಹೇಳಬೇಕು. ನೋವು ಆದರೆ ಮನುಷ್ಯ ತಿದ್ದಿಕೊಳ್ಳುತ್ತಾನೆ ಎನ್ನುತ್ತಾರೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಇನ್ನೂ ಜಾಸ್ತಿ ಹೆದರಿದೆ. ಇಷ್ಟು ತಡ ಮಾಡಿದ ಮೇಲೆ ಕೊಡುವ ಚಿತ್ರ ಅಷ್ಟಕ್ಕೆ ತಕ್ಕ ಹಾಗೆ ಇರಬೇಡವೇ ಎಂದು ಮನಸ್ಸು ವಾದ ಹೂಡಿತು. ತಡ ಆದಷ್ಟೂ ಚಿತ್ರ ಮನಸ್ಸಿನಲ್ಲಿ ದೊಡ್ಡದಾಗುತ್ತ ಹೋಯಿತು. ಮಾಡಲಾಗದಷ್ಟು ದೊಡ್ಡದಾಯಿತು.

ಸ್ನೇಹಿತರು ಹೇಳುವುದಿತ್ತು: "ಸುಮ್ನೆ ಮಾಡು ಮಾರಾಯ್ತಿ, ಹೇಗಾದ್ರೂ ಆಗ್ಲಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹೇಗಾದರೂ ಆಗಲಿ ಎಂದು ನನ್ನಿಂದ ಬ್ರಶ್ ಹಿಡಿಯಲು ಆಗುವುದಿಲ್ಲ. ಇವತ್ತಿಗೂ ಆಗುವುದಿಲ್ಲ. ಚೆನ್ನಾಗಿ ಆಗಬೇಕು ಅನ್ನುವ ಆಸೆ ಇಲ್ಲದಿದ್ದರೆ ಬೆಳಗಿನ ಐದು ಗಂಟೆಗೆ ಯಾಕೆ ಏಳಬೇಕು? ಆ ಆಸೆಯನ್ನೇ ರೋಗ ಎಂದು ಕರೆಯುವವರ ಜೊತೆ ನನಗೆ ಒಪ್ಪಿಗೆ ಇಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? ಕಾಗದ ಹಾಳಾದ ಮೇಲೆ ಈ ಪ್ರಶ್ನೆ ಹಿಡಿದುಕೊಂಡು ಕೆಲವು ಕಡೆ ಓಡಾಡಿದೆ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್‌ಗೆ ಹೋದೆ. ಮಂಗಳೂರಿನವರಿಗೆ ಅದು ಹೊರಗಿನಿಂದ ಬಂದ ನೆಂಟರಿಗೆ ತೋರಿಸುವ ಜಾಗ. ನಾವು ಸರಿಯಾಗಿ ನೋಡಿರುವುದಿಲ್ಲ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಅದು ಒಳ್ಳೆಯದೇ. ಸುಮ್ನೆ ಬೆಂಚಿನ ಮೇಲೆ ಕುಳಿತು ತಲೆ ಎತ್ತಿದರೆ ಆಯಿತು. ಇಟಲಿಯ ಬೆರ್ಗಾಮೊ ಕಡೆಯ ಆಂತೋನಿಯೊ ಮೊಸ್ಕೇನಿ ಎಂಬ, ಜೆಸ್ವಿಟ್ ಕ್ರೈಸ್ತ ಸಂಘದ ಬ್ರದರ್ ಒಬ್ಬರು ಅಲ್ಲಿ ಬಣ್ಣ ಹಾಕಿದ್ದು 1900ರ ಆಸುಪಾಸಿನಲ್ಲಿ. ಗೋಡೆಯ ಮೇಲೆ ಫ್ರೆಸ್ಕೊ, ಜೊತೆಗೆ ಕ್ಯಾನ್ವಾಸಿನ ಮೇಲೆ ಮಾಡಿದ ತೈಲಚಿತ್ರಗಳು. ಅಷ್ಟು ದೊಡ್ಡ ಕೆಲಸವನ್ನು ಅವರು ಎರಡು ಮೂರು ವರ್ಷದೊಳಗೆ ಮುಗಿಸಿದ್ದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೊಂದೋ ಏನೋ, ಅಷ್ಟೇ.

ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಾಕುವುದು. ಗಾರೆ ಒಣಗುವಾಗ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನೂರು ವರ್ಷ ಕಳೆದರೂ ಗೋಡೆಯಿಂದ ಎದ್ದು ಬರುವುದಿಲ್ಲ. ಆದರೆ ಗಾರೆ ಹಸಿ ಇರುವಷ್ಟು ಹೊತ್ತು ಮಾತ್ರ ಇದು ನಡೆಯುತ್ತದೆ. ಹಾಗಾಗಿ ಒಂದು ದಿನದಲ್ಲಿ ಎಷ್ಟು ಚಿತ್ರ ಬಿಡಿಸಬಹುದೋ ಅಷ್ಟೇ ಜಾಗಕ್ಕೆ ಬೆಳಿಗ್ಗೆ ಗಾರೆ ಬಳಿಯುವುದು ಆ ಕೆಲಸದ ಕ್ರಮ. ಇಟಲಿಯವರು ಅದನ್ನು ಜೊರ್ನಾತಾ ಎನ್ನುತ್ತಾರೆ. ಒಂದು ದಿನದ ಕೆಲಸ ಎಂದರ್ಥ. ಸಂಜೆಗೆ ಮುಗಿಯದೆ ಉಳಿದ ಗಾರೆಯನ್ನು ಕೆತ್ತಿ ತೆಗೆಯಬೇಕು. ತಪ್ಪಾದರೂ ಕೆತ್ತಬೇಕು, ಇಲ್ಲ ಹಾಗೇ ಬಿಡಬೇಕು.

ಆ ಬೆಂಚಿನಲ್ಲಿ ಕುಳಿತು ನಾನು ಎಣಿಸಿದ್ದು ಇದು. ಬೆಳಿಗ್ಗೆ ಗಾರೆ ಬಳಿಸಿಕೊಳ್ಳುವಾಗ ಆ ಮನುಷ್ಯ ಎಷ್ಟು ಧೈರ್ಯ ಮಾಡಿರಬೇಕು! ಇವತ್ತು ಇಷ್ಟು ಮಾಡುತ್ತೇನೆ ಎಂದು ಗೋಡೆಗೆ ಮಾತು ಕೊಟ್ಟ ಹಾಗೆ. ಗೋಡೆ ಕಾಯುವುದಿಲ್ಲ. ನನ್ನ ಡ್ರಾಯಿಂಗ್ ಶೀಟುಗಳು ಮಾತ್ರ ಎಷ್ಟು ವರ್ಷ ಬೇಕಾದರೂ ಕಾಯುತ್ತಿದ್ದವು. ಅದೇ ನನಗೆ ಮುಳುವಾಯಿತೋ ಏನೋ.

ಇನ್ನೊಂದು ಕಡೆ ಜನವರಿಯಲ್ಲಿ ಹೋದದ್ದು. ಕಿನ್ನಿಗೋಳಿಯ ಹತ್ತಿರ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಆಟ. ಕಚೇರಿಯ ಸಹೋದ್ಯೋಗಿಯೊಬ್ಬರ ಮನೆಯವರದ್ದೇ ಸೇವೆ. ಅವರ ಪರಿಚಯದಿಂದ, ವೇಷ ಕಟ್ಟುವ ಚೌಕಿಯೊಳಗೆ ಒಂದು ಮೂಲೆಯಲ್ಲಿ ಕೂರಲು ಬಿಟ್ಟರು. ನಾನು ನೋಡಬೇಕೆಂದಿದ್ದು ಬಣ್ಣದ ವೇಷ. ರಕ್ಕಸನ ಮುಖ.

ಯಕ್ಷಗಾನದಲ್ಲಿ ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕಿಕೊಳ್ಳುತ್ತಾರೆ. ಬಣ್ಣದ ವೇಷದವರಿಗೆ ಅದು ಗಂಟೆಗಟ್ಟಲೆ ಕೆಲಸ. ಕೆಂಪು, ಕಪ್ಪು, ಬಿಳಿ, ಹಳದಿಯಲ್ಲಿ ಮುಖ ಬರೆದ ಮೇಲೆ ಚಿಟ್ಟಿ ಇಡುವುದು. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಬಿಳಿ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಮುಖದ ಮೇಲೆ ಸಾಲಾಗಿ ಒಂದೊಂದೇ ಮುಳ್ಳು ನಿಲ್ಲಿಸುವುದು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಕೈಯಲ್ಲಿ ಒಂದು ಚಿಕ್ಕ ಕನ್ನಡಿ. ಮೇಲೆ ಒಂದು ಬಲ್ಬು. ಮಾತಿಲ್ಲ. ಇಡುವಷ್ಟು ಹೊತ್ತು ಮುಖ ಅಲ್ಲಾಡಿಸುವ ಹಾಗಿಲ್ಲ.

ನಾನು ಅಷ್ಟು ಕಾಳಜಿಯ ಕೆಲಸ ಬೇರೆಲ್ಲೂ ನೋಡಿಲ್ಲ. ಎಡಗೆನ್ನೆಯ ಸಾಲಿಗೂ ಬಲಗೆನ್ನೆಯ ಸಾಲಿಗೂ ಕೂದಲೆಳೆಯ ವ್ಯತ್ಯಾಸ ಬಂದರೆ ಅವರು ಕಡ್ಡಿ ಹಿಡಿದು ನಿಲ್ಲುತ್ತಿದ್ದರು. ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಹೇಗಾದರೂ ಆಗಲಿ ಎನ್ನುವ ಮಾತು ಆ ಚೌಕಿಯಲ್ಲಿ ಯಾರಾದರೂ ಹೇಳಿದ್ದರೆ ಹೊರಗೆ ಕಳಿಸುತ್ತಿದ್ದರೋ ಏನೋ. ಅಷ್ಟರಲ್ಲಿ ಮೂಗಿನ ಬದಿಯ ಒಂದು ಚಿಟ್ಟಿ ಉದುರಿ ಮಡಿಲಿಗೆ ಬಿತ್ತು. ನನ್ನ ಎದೆ ಧಸಕ್ ಎಂದಿತು. ಅವರು ಅದನ್ನು ನೋಡಿದರು. ಮುಂದಿನ ಸಾಲಿಗೆ ಹೋದರು.

ಹೊರಗೆ ಚೆಂಡೆ ಜೋರಾಯಿತು. ಯಾರೋ ಬಂದು ತಯಾರಾ ಎಂದು ಕೇಳಿದರು. ಕಿರೀಟ ಕಟ್ಟಲು ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಅಲ್ಲಿ ಒಂದು ಬಿದ್ದಿದೆಯಲ್ಲ, ಇಡುವುದಿಲ್ವಾ?" ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತು, ರಂಗಕ್ಕೆ ಹೋಗುವ ಹೊತ್ತು. ಆದರೆ ಅವರು ಬೇಸರ ಮಾಡಿಕೊಳ್ಳಲಿಲ್ಲ. ತುಟಿ ಹೆಚ್ಚು ಅಲ್ಲಾಡಿಸದೆ, "ಒಣಗಿದ ಸಾಲಿನ ಒಳಗೆ ಕೈ ಹಾಕ್ಬಾರ್ದಮ್ಮ. ಒಂದು ಇಡ್ಲಿಕ್ಕೆ ಹೋದ್ರೆ ಪಕ್ಕದ್ದು ನಾಲ್ಕು ಬೀಳ್ತದೆ" ಎಂದರು. ಎದ್ದು, ಕೈ ಮುಗಿದು, ನಡೆದರು.

ಪರದೆ ಸರಿದಾಗ ನಾನು ಗದ್ದೆಯಲ್ಲಿ ಎಲ್ಲರ ಜೊತೆ ನಿಂತಿದ್ದೆ. ಆ ಬಿದ್ದ ಜಾಗವನ್ನು ಹುಡುಕಿದೆ. ಎಲ್ಲಿದೆ ಎಂದು ಗೊತ್ತಿದ್ದ ನನಗೂ ಸಿಗಲಿಲ್ಲ. ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ ಅಪ್ಪನ ಕುತ್ತಿಗೆಗೆ ಮುಖ ಒತ್ತಿ ಅಳಲು ಶುರು ಮಾಡಿದ. ಆಟ ಮುಗಿದ ಮೇಲೆ ಮತ್ತೆ ಚೌಕಿಯ ಕಡೆ ಹೋದೆ. ಅವರು ತೆಂಗಿನೆಣ್ಣೆ ಹಚ್ಚಿ ಮುಖ ಒರೆಸುತ್ತಿದ್ದರು. ಗಂಟೆಗಟ್ಟಲೆ ಇಟ್ಟ ಚಿಟ್ಟಿ ಒಂದು ಹಳೆ ಬಟ್ಟೆಯಲ್ಲಿ ಮುದ್ದೆಯಾಗಿತ್ತು. ಮರುದಿನ ಬೇರೆ ಊರಿನಲ್ಲಿ ಆಟ. ಮತ್ತೆ ಮೊದಲಿಂದ.

ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಮೇಳ ತಿರುಗುತ್ತದೆ. ಅಷ್ಟು ರಾತ್ರಿಗಳಲ್ಲಿ ಅವರು ಅಷ್ಟು ಸಲ ಆ ಮುಖ ಬರೆದಿರುತ್ತಾರೆ. ನಾನು ಆರು ವರ್ಷದಲ್ಲಿ ಒಂದೇ ಮನೆಯನ್ನು ನಾಲ್ಕು ಸಲ ಶುರು ಮಾಡಿದ್ದೆ. ಕಾಳಜಿಯಲ್ಲಿ ಅವರು ನನಗಿಂತ ಕಡಿಮೆ ಅಲ್ಲ, ಎಷ್ಟೋ ಪಾಲು ಹೆಚ್ಚು. ವ್ಯತ್ಯಾಸ ಇದ್ದದ್ದು ಚೆಂಡೆಯಲ್ಲಿ. ಅವರಿಗೆ ಹೊರಗೆ ಚೆಂಡೆ ಬಾರಿಸುತ್ತಿತ್ತು. ನನಗೆ ಯಾರೂ ಬಾರಿಸುತ್ತಿರಲಿಲ್ಲ. ಮುಗಿಸುವ ಹೊತ್ತನ್ನು ನಾನು ನನ್ನ ಮನಸ್ಸಿನ ಕೈಗೆ ಕೊಟ್ಟಿದ್ದೆ. ಹೆದರಿದ ಮನಸ್ಸು ಆಯಿತು ಅಂತ ಯಾವತ್ತಾದರೂ ಹೇಳುತ್ತದೆಯೇ?

ಈ ನಡುವೆ ಇನ್ನೊಂದು ಅಭ್ಯಾಸ ಶುರುವಾಗಿತ್ತು. ಭಾನುವಾರ ಬೆಳಿಗ್ಗೆ ಬಂದರಿನ ದಕ್ಕೆಗೆ ಹೋಗುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗಸ್ಟ್ ಬಂತೆಂದರೆ ದಕ್ಕೆಗೆ ಜೀವ ಬರುತ್ತದೆ. ನಾನು ಪೆನ್ಸಿಲ್, ರಬ್ಬರ್ ಎರಡನ್ನೂ ಮನೆಯಲ್ಲೇ ಬಿಟ್ಟು, ಒಂದು ಪೆನ್ನು, ಒಂದು ಸಾದಾ ಪುಸ್ತಕ ಹಿಡಿದು ಹೋದೆ. ಮಂಜುಗಡ್ಡೆ ಸುರಿಯುವವರು, ಬುಟ್ಟಿ ಹೊರುವವರು, ಬಂಗುಡೆ ರಾಶಿಯ ಮುಂದೆ ದರ ಕೂಗುವವರು. ಯಾರು ನಿಂತು ಕೊಡುತ್ತಾರೆ? ಒಂದು ತೋಳು ಬರೆಯುವಷ್ಟರಲ್ಲಿ ಆ ತೋಳಿನವರು ಹೋಗಿ ಆಗಿರುತ್ತದೆ. ಮೊದಲ ಭಾನುವಾರ 14 ಪುಟ ತುಂಬಿತು. ಪೂರ್ತಿ ಮನುಷ್ಯರು ಒಬ್ಬರೂ ಇರಲಿಲ್ಲ. ಬೆನ್ನು, ಬುಟ್ಟಿ, ಅರ್ಧ ಮುಖ, ಒಂದು ಕಾಲು.

ಮನೆಗೆ ಬಂದು ಆ ಪುಸ್ತಕ ಹರಿಯಬೇಕು ಅನ್ನಿಸಿತು. ಹರಿಯಲಿಲ್ಲ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖೆಗಳ ನೆನಪಾಯಿತು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಅವರ ಕುಣಿಯುವ ಮನುಷ್ಯರಿಗೆ ಎಷ್ಟೋ ಸಲ ಮುಖವೇ ಇರುವುದಿಲ್ಲ. ಒಂದೆರಡು ಗೆರೆ, ಅಷ್ಟರಲ್ಲೇ ಮೈ ಬಳುಕುತ್ತದೆ. ಲಯ ತಿಳಿಯಬೇಕೆಂದು ಅವರು ಕಥಕ್ ಕೂಡ ಕಲಿತಿದ್ದರು. ನಾನು ಅವರ ಗೆರೆಯನ್ನು ಚಿಕ್ಕಂದಿನಿಂದ ನೋಡಿದವಳು. ಅದರಲ್ಲಿ ಏನೇನು ಬಿಟ್ಟಿದ್ದಾರೆ ಎಂದು ನೋಡಿರಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋದೆ. ನವೆಂಬರಿನ ಹೊತ್ತಿಗೆ ಬುಟ್ಟಿ ಎತ್ತುವ ಬೆನ್ನು ಒಂದೇ ಗೆರೆಯಲ್ಲಿ ಬರುತ್ತಿತ್ತು. ಯಾವಾಗಲೂ ಅಲ್ಲ. ಐದಕ್ಕೆ ಒಂದು ಸಲ.

ಹಾಳಾದ ಕಾಗದವನ್ನು ನಾನು ಎಸೆಯಲಿಲ್ಲ. ಒಂದೊಂದು ಹಾಳೆಯನ್ನು ಎಂಟು ತುಂಡು ಮಾಡಿದೆ. 144 ತುಂಡು. ಕತ್ತರಿಸುವಾಗ ಮೊದಲ ಹಾಳೆಗೆ ಕೈ ನಡುಗಿತು, ಆಮೇಲೆ ಸಲೀಸಾಯಿತು. ದಿನಕ್ಕೆ ಒಂದು ತುಂಡು, ಅಡುಗೆಮನೆಯ ಗಡಿಯಾರದಲ್ಲಿ 40 ನಿಮಿಷ. 40 ನಿಮಿಷ ಆದ ಮೇಲೆ ಬ್ರಶ್ ತೊಳೆದಿಡುವುದು. ಆಕಾಶ ಬಾಕಿ ಇದ್ದರೂ ಸರಿ, ಮರಕ್ಕೆ ನೆರಳು ಇಲ್ಲದಿದ್ದರೂ ಸರಿ. ಹಿಂದೆ ತಾರೀಕು ಬರೆದು ಡಬ್ಬಕ್ಕೆ ಹಾಕುವುದು. ಮೊದಲ ಒಂದು ತಿಂಗಳು ತುಂಬ ಕಷ್ಟವಾಯಿತು. ರಾತ್ರಿ ಮಲಗಿದ ಮೇಲೆ ಎದ್ದು ಬಂದು ಒಂದು ನೆರಳು ಸರಿ ಮಾಡಿದ್ದೂ ಇದೆ. ಸರಿ ಮಾಡಿದ ನೆರಳಿನ ಪಕ್ಕ ಕೆಸರಾಗುತ್ತಿತ್ತು. ಜಲವರ್ಣದಲ್ಲಿ ಅರೆ ಒಣಗಿದ ಜಾಗಕ್ಕೆ ಒದ್ದೆ ಬ್ರಶ್ ತಾಗಿಸಿದರೆ ಹೂಕೋಸಿನ ಅಂಚಿನ ಹಾಗೆ ಕಲೆ ಎದ್ದೇ ಏಳುತ್ತದೆ. ಜನವರಿಯ ಆಟ ನೋಡಿ ಬಂದ ಮೇಲೆ ರಾತ್ರಿ ಎದ್ದು ಬರುವುದನ್ನು ಬಿಟ್ಟೆ.

ಆ ಕಾಗದ ತನ್ನ ಚುಕ್ಕೆಗಳನ್ನು ಬಿಡಲಿಲ್ಲ. ಆಕಾಶ ಬಿಡಿಸಿದರೆ ಆಕಾಶಕ್ಕೆ ಸಿಡುಬು. ನೀರು ಬಿಡಿಸಿದರೆ ನೀರಿಗೆ. ಎಲ್ಲಿ ಏಳುತ್ತದೆ ಎಂದು ಮೊದಲೇ ತಿಳಿಯುವಂತಿರಲಿಲ್ಲ. ಇದರಿಂದ ಅಂದವಾಯಿತು ಎಂದು ನಾನು ಹೇಳುವುದಿಲ್ಲ. ಬಹಳಷ್ಟು ಚಿತ್ರಗಳು ಕೆಟ್ಟವು. ಆದರೆ ಕೆಡುವುದು ಮೊದಲೇ ಗೊತ್ತಿದ್ದ ಕಾಗದದ ಮೇಲೆ ನನ್ನ ಕೈ ಬೇರೆ ಥರ ಓಡಿತು. ಆ ಬೆರಳು ಕಾಣಲಿಲ್ಲ. ಅದಕ್ಕೆ ತೋರಿಸಲು ಇಷ್ಟೊಂದು ಕಲೆಗಳಿರುವಾಗ ಎಲ್ಲಿ ಅಂತ ತೋರಿಸುತ್ತದೆ?

ಮಾರ್ಚ್ ಕೊನೆಯಲ್ಲಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ದೊಡ್ಡಮ್ಮ, ಬಿಸುವಿನ ದಿನ ಬರ್ತೇನೆ. ಮನೆಯ ಚಿತ್ರ ತರ್ತೇನೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಬಾ. ಪಾಯಸ ಮಾಡ್ತೇನೆ" ಎಂದರು. ಫೋನ್ ಇಟ್ಟಾಗ ನನ್ನ ಅಂಗೈ ಬೆವರಿತ್ತು. ಬಿಸು ಎಂದರೆ ನಮ್ಮ ಕಡೆಯ ಯುಗಾದಿ, ಅದನ್ನು ಮುಂದೆ ಹಾಕಲು ಆಗುವುದಿಲ್ಲ. ಏಪ್ರಿಲ್ ನಡುವಿಗೆ ಅದು ಬಂದೇ ಬರುತ್ತದೆ.

ಮನೆ ಇಲ್ಲ. ಫೋಟೋ ಇತ್ತು, ಹಳೆಯ ಅಳತೆಗಳೂ ಇದ್ದವು. ಆ ತುಂಡುಗಳಲ್ಲೇ ಮಾಡಿದೆ. ಹೊಸ ಕಾಗದ ತರಲಿಲ್ಲ. ಹಂಚುಗಳನ್ನು ಒಂದೊಂದಾಗಿ ಬಿಡಿಸಲಿಲ್ಲ. ಇಡೀ ಮಾಡಿಗೆ ಒಂದೇ ಒದ್ದೆ ಕೆಂಪು ಬಿಟ್ಟು, ಅದು ಹಸಿ ಇರುವಾಗಲೇ ಅಲ್ಲಲ್ಲಿ ಕಿತ್ತಳೆ, ಅಲ್ಲಲ್ಲಿ ಕಪ್ಪು ತಾಗಿಸಿದೆ. ಅವು ತಮ್ಮಷ್ಟಕ್ಕೆ ಹರಡಿಕೊಂಡವು. ಬಾವಿ, ಹಲಸಿನ ಮರ, ಜಗಲಿಯ ಎರಡು ಕಂಬ. ಒಟ್ಟು ಆರು ಸಲ ಮಾಡಿದೆ, ಆರು ದಿನ. ಆರೂ ಮುಗಿದವು. ಇಷ್ಟವಾದದ್ದನ್ನು ಆರಿಸಿಕೊಂಡೆ. ಅದರಲ್ಲಿ ಎಡಗಡೆಯ ಗೋಡೆಯ ಮೇಲೆ ಚುಕ್ಕೆ ಎದ್ದಿತ್ತು, ಜಗಲಿಯ ಮೆಟ್ಟಿಲು ಸ್ವಲ್ಪ ದೊಡ್ಡದಾಗಿತ್ತು. ಕಿಟಕಿಗಳು ಮಾತ್ರ ಚೆನ್ನಾಗಿ ಬಂದಿವೆ ಎಂದು ಸಮಾಧಾನ. ಅವಕ್ಕೆ ಅಡಿಪಟ್ಟಿ ಇಟ್ಟಿದ್ದೆ.

ಬಿಸುವಿನ ದಿನ ಮಧ್ಯಾಹ್ನ ಹೋದೆ. ದೇವರ ಮುಂದೆ ಕಣಿ ಇಟ್ಟದ್ದು ಹಾಗೇ ಇತ್ತು, ಸೌತೆಕಾಯಿ, ಗೇರುಹಣ್ಣು, ತೆಂಗಿನಕಾಯಿ. ದೊಡ್ಡಮ್ಮ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ತರಿಸಿಕೊಂಡು ಮತ್ತೆ ಹಿಡಿದರು. ನಾನು ನೆಲ ನೋಡುತ್ತ ಕುಳಿತಿದ್ದೆ.

"ಈ ಗೋಡೆಯಲ್ಲಿ ಮಳೆಗಾಲಕ್ಕೆ ಹೀಗೇ ಬರ್ತಿತ್ತು, ಅಲ್ವಾ?" ಎಂದರು. ಚುಕ್ಕೆಗಳ ಮೇಲೆ ಕೈ ಸವರಿದರು. ನಾನು ಏನೂ ಹೇಳಲಿಲ್ಲ. ಅದು ಕಾಗದದ ಕೇಡು ಎಂದು ಹೇಳಬೇಕಾಗಿತ್ತೋ ಏನೋ.

ಆಮೇಲೆ ಅವರ ಬೆರಳು ಜಗಲಿಯ ಕಿಟಕಿಯ ಹತ್ತಿರ ನಿಂತಿತು. ಹೈಸ್ಕೂಲಿನಲ್ಲಿ ಇಟ್ಟ ಹಾಗೆಯೇ ಒಂದು ಬೆರಳು. ನನ್ನ ಉಸಿರು ನಿಂತಿತು.

"ಇದು ಹೀಗಿರಲಿಲ್ಲ ಮಗಾ" ಎಂದರು. "ಈ ಕಿಟಕಿ ಓರೆ ಇತ್ತು. ನಿನ್ನ ದೊಡ್ಡಪ್ಪ ಕೂರಿಸಿದ್ದು. ಬಡಗಿ ಬಾರದ್ದಕ್ಕೆ ಅವರೇ ಕೂರಿಸಿದ್ದು. ಎಷ್ಟು ಹೇಳಿದ್ರೂ ಕೊನೆವರೆಗೆ ಸರಿ ಮಾಡಿಸ್ಲಿಲ್ಲ. ನೀನು ನೆಟ್ಟಗೆ ಮಾಡಿಬಿಟ್ಟಿದ್ದಿ."

ಹೌದು, ಓರೆ ಇತ್ತು. ಚಿಕ್ಕಂದಿನಲ್ಲಿ ಅದರ ಸರಳು ಹಿಡಿದು ತಲೆಯನ್ನು ಅದೇ ಓರೆಗೆ ಬಾಗಿಸಿ ಅಂಗಳ ನೋಡುತ್ತಿದ್ದೆವು. ಹಳೆಯ ಅಳತೆ ಪುಸ್ತಕದಲ್ಲಿ ಅದನ್ನು ನಾನೇ ಬರೆದುಕೊಂಡಿದ್ದೆ, ಎಡಕ್ಕಿಂತ ಬಲ ಎರಡು ಬೆರಳು ಕೆಳಗೆ ಅಂತ. ಬಿಡಿಸುವಾಗ ನೆಟ್ಟಗೆ ಬಂತು. ಕೈ ಅಷ್ಟು ಪಳಗಿಹೋಗಿತ್ತು.

"ಇನ್ನೊಂದು ಮಾಡಿ ತರ್ತೇನೆ ದೊಡ್ಡಮ್ಮ" ಎಂದೆ.

"ತಾ. ಅದನ್ನೂ ತಾ" ಎಂದರು. ಆದರೆ ಇದನ್ನು ಕೊಡಲಿಲ್ಲ. ಕ್ಯಾಲೆಂಡರ್ ಕೆಳಗಿಳಿಸಲು ನನಗೇ ಹೇಳಿದರು. ಫ್ರೇಮ್ ಇನ್ನೂ ಹಾಕಿಸಿರಲಿಲ್ಲ. ಒಂದು ರಟ್ಟಿಗೆ ಅಂಟಿಸಿ, ದಾರ ಕಟ್ಟಿ, ಆ ಮೊಳೆಗೆ ತೂಗುಹಾಕಿದೆವು. ದಾರ ಒಂದು ಕಡೆ ಗಿಡ್ಡವಾಗಿ ಚಿತ್ರ ಸ್ವಲ್ಪ ವಾಲಿತು. ಸರಿ ಮಾಡಲು ನಾನು ಕೈ ಎತ್ತಿದೆ. ದೊಡ್ಡಮ್ಮ ತಡೆದರು. ತಲೆಯನ್ನು ಒಂದು ಬದಿಗೆ ಬಾಗಿಸಿ ನೋಡಿದರು.

"ಈಗ ಕಿಟಕಿ ಸರಿ ಆಯ್ತು ನೋಡು" ಎಂದು ಪಾಯಸ ಬಡಿಸಲು ಒಳಗೆ ಹೋದರು.